ಹದಿನೆಂಟು ಇಂಚಿನ ಝಾಲರು

ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತಾ ಕೂತಿದ್ದೆ. ಎಲೆ ಎಳೆಯದೇ, ಆದರೂ ಈ ಸಲ ತುರಿಕೆ ಜಾಸ್ತಿ. ಕೈಗೆಲ್ಲ ಹುಣಸೆಹಣ್ಣಿನ ನೀರು ಸವರಿಕೊಂಡಿದ್ದೆ. ಅಷ್ಟರಲ್ಲಿ ಅಂಗಡಿಯಿಂದ ನಮ್ಮ ಮನೆಯವರ ಫೋನು. ಒದ್ದೆ ಕೈಯಲ್ಲಿ ಎತ್ತುವ ಹಾಗಿಲ್ಲ, ಮೊಣಕೈಯಲ್ಲೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಹೊಲಿಗೆ ಟೀಚರು ಹೋಗ್ಬಿಟ್ರಂತೆ ಕಣೇ," ಅಂದರು. "ಕಳಸದಲ್ಲಿ, ಬೆಳಗಿನ ಜಾವ. ಅವರಣ್ಣ ಈಗ ಅಂಗಡಿಗೆ ಬಂದಿದ್ರು, ದೊಡ್ಡ ಟಾರ್ಪಾಲು ಬೇಕು ಅಂತ. ಅಲ್ಲಿ ಮಳೆ ಬಿಟ್ಟೇ ಇಲ್ವಂತೆ. ಜನ ಕೂರೋಕೆ ಅಂಗಳಕ್ಕೆ ಕಟ್ಬೇಕಲ್ಲ."

ನನಗೆ ತಕ್ಷಣ ಬಾಯಿಗೆ ಬಂದದ್ದು ಒಂದೇ ಮಾತು. "ನಾನೂ ಹೋಗಿ ಬರ್ಲಾ?"

"ಅವರು ಹೊರಟಿರೋ ಜೀಪಲ್ಲಿ ಗಂಡಸರೇ ಆರು ಜನ ಇದ್ದಾರೆ. ನೀನು ಯಾರು ಅಂತ ಹೋಗ್ತೀಯ ಮಾರಾಯ್ತಿ? ಮನೇಲಿ ಅಮ್ಮನ್ನ ಒಬ್ರನ್ನೇ ಬಿಟ್ಟು?" ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದರು. ಫೋನು ಇಟ್ಟರು.

ನಮ್ಮ ಮನೆಯಲ್ಲಿ ಸಾವಿಗೆ ಸೂತಕ ಹಿಡಿಯುವ ಪದ್ಧತಿ ಇಲ್ಲ. ಸ್ವಂತದವರು ಹೋದರೂ ಲಿಂಗಪೂಜೆ ನಿಲ್ಲುವುದಿಲ್ಲ, ಒಲೆ ಆರುವುದಿಲ್ಲ. ಹಾಗಿರುವಾಗ ಹೊಲಿಗೆ ಟೀಚರಿಗಾಗಿ ಏನು ನಿಲ್ಲಿಸಲಿ? ಉಳಿದ ಎಲೆಗಳ ನಾರನ್ನೂ ತೆಗೆದೆ. ಹಿಟ್ಟು ಸವರಿದೆ. ಸುರುಳಿ ಸುತ್ತಿ ಹಬೆಗೆ ಇಟ್ಟೆ. ಕೈ ಅದರ ಪಾಡಿಗೆ ಮಾಡುತ್ತಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಆಲ್ದೂರಿನಲ್ಲಿ ಆ ಹೆಸರು ಹೇಳಿದರೆ ಗುರುತು ಹಿಡಿಯುವವರೂ ಕಡಿಮೆ. ಯಾವುದೋ ಕಾಲದಲ್ಲಿ ಮಹಿಳಾ ಮಂಡಳಿಯ ಹೆಣ್ಣುಮಕ್ಕಳಿಗೆ ಆರು ತಿಂಗಳು ಹೊಲಿಗೆ ಕಲಿಸಿದ್ದರಂತೆ, ಅಂದಿನಿಂದ ಎಲ್ಲರಿಗೂ ಟೀಚರು. ರವಿಕೆ, ಲಂಗ ಹೊಲಿಯುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಕಿಟಕಿಗೆ ಹಾಕುವ ಬಟ್ಟೆ ಮಾತ್ರ ಹೊಲಿಯುತ್ತಿದ್ದರು. ಎಸ್ಟೇಟ್ ಬಂಗಲೆಗಳಿಂದ, ಹೊಸದಾಗಿ ಎದ್ದ ಹೋಂಸ್ಟೇಗಳಿಂದ, ನಮ್ಮಂಥ ಪೇಟೆಯ ಮನೆಗಳಿಂದ ಕರೆ ಬರುತ್ತಿತ್ತು. ಕಪ್ಪು ಕೊಡೆ, ಪ್ಲಾಸ್ಟಿಕ್ ಚಪ್ಪಲಿ, ಹೆಗಲಿಗೊಂದು ಬಟ್ಟೆಯ ಚೀಲ. ಹಳೇ ಗಡಿಯಾರದ ಪಟ್ಟಿಗೆ ಸ್ಪಂಜು ಕಟ್ಟಿ ಅದರ ತುಂಬ ಗುಂಡುಪಿನ್ನು ಚುಚ್ಚಿಕೊಂಡು ಮಣಿಕಟ್ಟಿಗೆ ಹಾಕಿಕೊಂಡಿರುತ್ತಿದ್ದರು. ಯಾರಾದರೂ ಟೈಮೆಷ್ಟು ಎಂದು ಕೇಳಿದರೆ ಅದನ್ನೇ ನೋಡಿ, "ಪಿನ್ನೂ ಕಾಲು ಗಂಟೆ, ಊಟದ ಹೊತ್ತು" ಅನ್ನುವರು.

ನಾನು ಅವರನ್ನು ಮೊದಲು ನೋಡಿದ್ದು ಹನ್ನೆರಡು ವರ್ಷದ ಹಿಂದೆ, ಈ ಮನೆಯ ಗೃಹಪ್ರವೇಶಕ್ಕೆ ಹದಿನೈದು ದಿನ ಇದ್ದಾಗ. ಅದಕ್ಕೆ ಮುಂಚೆ ನಾವಿದ್ದದ್ದು ಅಂಗಡಿಯ ಹಿಂಭಾಗದಲ್ಲಿ. ಅಲ್ಲಿನ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ, ಮಾಡಿನಲ್ಲಿ ಒಂದು ಗಾಜಿನ ಹೆಂಚು ಅಷ್ಟೇ. ಮದುವೆಯಾಗಿ ಬಂದ ಒಂಬತ್ತು ವರ್ಷ ನಾನು ಹೊತ್ತು ನೋಡಿದ್ದು ಆ ಹೆಂಚಿನಿಂದ ನೆಲದ ಮೇಲೆ ಬೀಳುವ ಬಿಸಿಲಿನ ಚೌಕದಲ್ಲಿ. ಹಾಗೆಂದು ನನ್ನನ್ನು ಯಾರೂ ಹಿಂಸೆ ಮಾಡಲಿಲ್ಲ. ಹೊಟ್ಟೆಗೆ ಬಟ್ಟೆಗೆ ಶಿವ ಕಡಿಮೆ ಮಾಡಲಿಲ್ಲ. ನನಗೆ ಹೊರಗೆ ಕೆಲಸವೇ ಇರಲಿಲ್ಲ, ಅಷ್ಟೇ. ತರಕಾರಿಯನ್ನು ಇವರು ತರುತ್ತಿದ್ದರು, ಹಾಲು ಬಾಗಿಲಿಗೆ ಬರುತ್ತಿತ್ತು, ಸೋಮವಾರ ಅತ್ತೆಯ ಜೊತೆ ದೇವಸ್ಥಾನ. ಅತ್ತೆಯವರು ಸೊಸೆಯಾಗಿ ಬಂದಾಗಲೂ ಹೀಗೇ ಇತ್ತಂತೆ. ಅವರಿಗೆ ಸೋಮವಾರವೂ ಇರಲಿಲ್ಲವಂತೆ.

ಹೊಸ ಮನೆ ಕಟ್ಟಿದ್ದು ಬಾಳೆಹೊನ್ನೂರು ರಸ್ತೆಯ ಕೆಳಗೆ. ನಮ್ಮ ಕಡೆ ಗುಡ್ಡ ಕಡಿದು ಮನೆ ಕಟ್ಟುವುದರಿಂದ ರಸ್ತೆ ಮೇಲಿರುತ್ತದೆ, ಮನೆ ತಗ್ಗಿನಲ್ಲಿರುತ್ತದೆ. ನಡುವೆ ಒಂದು ಧರೆ, ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ. ಅಡುಗೆಮನೆ ರಸ್ತೆಯ ಕಡೆಗೇ ಬಂತು, ಸಿಂಕಿನ ಮೇಲೆ ಅಗಲವಾದ ಕಿಟಕಿ. ಅದನ್ನು ಮೊದಲ ದಿನ ನೋಡಿದಾಗ ನಾನು ಒಳಗೊಳಗೇ ಕೈ ಮುಗಿದಿದ್ದೆ. ಅತ್ತೆ ನೋಡಿದರು, ರಸ್ತೆಯಲ್ಲಿ ಹೋಗುವವರ ತಲೆಗಳನ್ನೂ ನೋಡಿದರು.

"ಇದೆಂಥದು, ಹೋಗೋ ಬರೋರಿಗೆಲ್ಲ ನಮ್ಮ ಸೊಸೆಯ ಮುಖ ಕಾಣೋ ಹಾಗೆ ಕಟ್ಟಿದಾರೆ! ಇದಕ್ಕೆ ಮೇಲಿಂದ ಕೆಳಗಿನವರೆಗೆ ದಪ್ಪ ಬಟ್ಟೆ ಹಾಕ್ಸಿ."

ಅದಕ್ಕೇ ಟೀಚರು ಬಂದದ್ದು. ಜೊತೆಗೆ ಮೂಡಿಗೆರೆಯಿಂದ ನಾದಿನಿಯೂ ಬಂದಿದ್ದಳು. ಅವಳು ಅತ್ತಿಗುಂಡಿಯ ಕಡೆ ಯಾವುದೋ ಹೋಂಸ್ಟೇಯಲ್ಲಿ ನೋಡಿದ ಕಿಟಕಿಯ ಫೋಟೊಗಳನ್ನು ಫೋನಿನಲ್ಲಿ ತುಂಬಿಕೊಂಡಿದ್ದಳು.

ಟೀಚರು ಚೀಲದಿಂದ ಮೊದಲು ತೆಗೆದದ್ದು ಒಂದು ಫೋಟೊ ಚೌಕಟ್ಟು. ಗಾಜಿಲ್ಲ, ಫೋಟೊ ಇಲ್ಲ, ಬರೀ ಕಟ್ಟು. ಅದೇ ಅವರ ಮಾದರಿ ಕಿಟಕಿ. ಮೇಲಿನ ಪಟ್ಟಿಗೆ ಒಂದು ತಂತಿ, ಅದಕ್ಕೆ ಸಿಕ್ಕಿಸಲು ಗೊಂಬೆಯ ಬಟ್ಟೆಯಷ್ಟು ಪುಟ್ಟ ಪುಟ್ಟ ಝಾಲರುಗಳು. ಪರದೆ ಎಂದರೆ ಕಿಟಕಿ ಪೂರ್ತಿ ಮುಚ್ಚುವುದು. ಝಾಲರು ಎಂದರೆ ಕಿಟಕಿಯ ನೆತ್ತಿಗೆ ಮಾತ್ರ ಅಡ್ಡಲಾಗಿ ಇಳಿಬಿಡುವ ಗಿಡ್ಡ ಬಟ್ಟೆ. ಬಂಗಲೆಯವರು ಅದಕ್ಕೆ ಪೆಲ್ಮೆಟ್ ಅನ್ನುತ್ತಾರೆ. ಒಂದೊಂದನ್ನೇ ಸಿಕ್ಕಿಸಿ ಚೌಕಟ್ಟನ್ನು ತಮ್ಮ ಮುಖದ ಮುಂದೆ ಹಿಡಿದು ಆಚೆಯಿಂದ ನಮ್ಮನ್ನು ನೋಡುತ್ತಾ ಹೇಳಿದರು. "ಇದು ಸುರುಕಿನ ಫ್ರಿಲ್ಲು, ಮಕ್ಕಳ ಕೋಣೆಗೆ ಚೆಂದ. ಇದು ಹಾರದ ಥರ ಇಳಿಬೀಳೋದು, ಮದುವೆ ಮನೆ ಕಳೆ ಬರ್ತದೆ, ಧೂಳೂ ಬರ್ತದೆ. ಇದು ಕಮಾನು. ಇದು ಬಾಕ್ಸ್ ನೆರಿಗೆ, ಕೆಳಗಂಚು ನೇರ, ಒಳಗೆ ಬಿರುಸು ಬಟ್ಟೆ, ಬಕ್ರಂ ಕೊಟ್ರೆ ಗಾಳಿಗೂ ಅಲ್ಲಾಡಲ್ಲ."

ನಾದಿನಿ, "ಎಲ್ಲಾ ಕಡೆ ಕಮಾನೇ ಇರ್ಲಿ, ಹೋಂಸ್ಟೇಲಿ ಅದೇ ಇದ್ದಿದ್ದು" ಅಂದಳು. ಅತ್ತೆ, "ಹಾಲಿಗೆ ಎಂಥ ಬೇಕಾದ್ರೂ ಹಾಕ್ಕೊಳ್ಳಿ. ಅಡುಗೆಮನೆಗೆ ಪರದೆ" ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಫ್ಲಾಸ್ಕಿನಲ್ಲಿ ತಂದ ಕಾಫಿಯ ಲೋಟ ಹಿಡಿದು ನಿಂತಿದ್ದೆ.

ಟೀಚರು ಲೋಟ ತೆಗೆದುಕೊಂಡು ನನ್ನನ್ನೊಮ್ಮೆ ನೋಡಿದರು. "ಅಡುಗೆ ಮಾಡೋರು ನೀವಾ ತಂಗ್ಯಮ್ಮ? ಬನ್ನಿ, ಸಿಂಕಿನ ಹತ್ರ ನಿಂತ್ಕೊಳ್ಳಿ. ಪಾತ್ರೆ ತೊಳೀರಿ."

"ಪಾತ್ರೆ ಇಲ್ಲವಲ್ಲ, ಹೊಸ ಮನೆ."

"ಸುಮ್ನೆ ತೊಳೀರಿ. ಗಾಳೀಲಿ."

ಅವರು ಕೆಲಸ ಮಾಡುತ್ತಿದ್ದ ರೀತಿಯೇ ಅದು. ಟೇಪು ತೆಗೆಯುವ ಮೊದಲು ಮನೆಯ ಹೆಂಗಸನ್ನು ಅವಳು ದಿನಾ ನಿಲ್ಲುವ ಜಾಗದಲ್ಲಿ ನಿಲ್ಲಿಸಬೇಕು, ಕೂರುವ ಜಾಗದಲ್ಲಿ ಕೂರಿಸಬೇಕು. ನಾನು ಇಲ್ಲದ ಪಾತ್ರೆ ತೊಳೆದೆ, ಇಲ್ಲದ ರೊಟ್ಟಿ ತಟ್ಟಿದೆ. ನಾದಿನಿ ಬಿದ್ದು ಬಿದ್ದು ನಕ್ಕಳು. ಟೀಚರು ನಗಲಿಲ್ಲ. ನನ್ನ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದರು. ಆಮೇಲೆ ಕಿಟಕಿಯಿಂದ ರಸ್ತೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಅಮ್ಮಾ, ಪೂರ್ತಿ ಪರದೆ ಇಲ್ಲಿ ಬೇಡ. ಗಾಳಿಗೆ ಹಾರಿ ಗ್ಯಾಸಿನ ಮೇಲೆ ಬಿದ್ರೆ ಕಷ್ಟ."

"ಹಾಗಾದ್ರೆ ಕಿಟಕಿ ಬಾಗಿಲೇ ಹಾಕಿಡೋದು," ಅಂದರು ಅತ್ತೆ. "ಲೈಟಿದೆಯಲ್ಲ."

ಪರದೆಯಾದರೆ ಸರಿಸಬಹುದಿತ್ತು. ಬಾಗಿಲು ಹಾಕಿ ಚಿಲಕ ಬಿದ್ದರೆ ಮುಗಿಯಿತು. ಗಾಜಿನ ಹೆಂಚೂ ಇಲ್ಲದ ಮನೆ ಇದು.

"ಹಾಕಿಡಬಹುದು," ಅಂದರು ಟೀಚರು, ಒಪ್ಪಿದವರ ಹಾಗೆ. "ಆದ್ರೆ ನೋಡಿ, ಇಲ್ಲಿ ಜನ ನೋಡೋದು ಮೇಲಿಂದ. ಮೇಲಿಂದ ಬರೋ ಕಣ್ಣಿಗೆ ಮೇಲೇ ತಡೆ ಹಾಕಿದ್ರೆ ಸಾಕಲ್ವಾ? ನೆತ್ತಿಗೆ ಒಂದು ಝಾಲರು ಇಳಿಬಿಟ್ರೆ ಅವರಿಗೆ ನಿಮ್ಮ ಸೊಸೆ ಮುಖ ಕಾಣಲ್ಲ. ನಂಬಿಕೆ ಇಲ್ದಿದ್ರೆ ನೀವೇ ರಸ್ತೆಗೆ ಹತ್ತಿ ನೋಡಿ."

ಅತ್ತೆ ರಸ್ತೆಗೆ ಹತ್ತುವುದೆಂದರೆ ಸಣ್ಣ ಮಾತಲ್ಲ. ಆದರೆ ಅನುಮಾನ ದೊಡ್ಡದಾಗಿತ್ತು. ಸೆರಗು ಹೊದ್ದು, ನಾದಿನಿಯ ಕೈ ಹಿಡಿದು, ಧರೆಯ ಪಕ್ಕದ ಮೆಟ್ಟಿಲು ಹತ್ತಿ ಹೋದರು. ಒಳಗೆ ಟೀಚರು ಸ್ಟೂಲಿನ ಮೇಲೆ ನಿಂತು ಕಿಟಕಿಯ ರಾಡಿಗೆ ಒಂದು ಹಳೇ ಬೆಡ್‌ಶೀಟನ್ನು ಪಿನ್ನು ಹಾಕಿ ಇಳಿಬಿಟ್ಟರು. ಮೊದಲು ಕಮಾನಿನ ಥರ ಅಂಚು ಮಡಿಸಿದರು, ನಾದಿನಿಯ ಆಸೆಗೆ.

"ತಂಗ್ಯಮ್ಮ, ಈಗ ಸಿಂಕಿಂದ ಒಲೆಗೆ, ಒಲೆಯಿಂದ ಸಿಂಕಿಗೆ ನಡೀರಿ," ಅಂದರು ಮೆಲ್ಲಗೆ.

ನಡೆದೆ. ಮೇಲಿಂದ ಅತ್ತೆಯ ಕೂಗು ಇಡೀ ರಸ್ತೆಗೆ ಕೇಳುವ ಹಾಗೆ ಬಂತು. "ಅಯ್ಯೋ, ಮೂರು ಕಮಾನಿನಲ್ಲೂ ಮೂರು ಸಲ ಕಾಣ್ತಾಳೆ! ಮೂಗುಬೊಟ್ಟು ಸಮೇತ ಕಾಣ್ತಾಳೆ! ಬೇಡ, ಬೇಡ, ಬಾಗಿಲೇ ಹಾಕಿ!"

"ಇರಿ ಅಮ್ಮಾ, ಇದು ಆಗಲ್ಲ ಅಂತ ತೋರ್ಸಿದ್ದು," ಎಂದು ಕೂಗಿ ಟೀಚರು ಅಂಚನ್ನು ನೇರ ಮಾಡಿದರು, ಬಾಕ್ಸ್ ನೆರಿಗೆ ಮಡಿಸಿದರು. ಹದಿನಾರು ಇಂಚಿಗೆ ಇಳಿಸಿದರು. "ಈಗ?"

"ಗಲ್ಲ ಕಾಣ್ತದೆ! ಇನ್ನೂ ಇಳಿಸಿ! ಇಪ್ಪತ್ತೆರಡು ಮಾಡಿ!"

ಟೀಚರು ನನ್ನ ಕಡೆ ಬಗ್ಗಿ, ತುಟಿಯ ನಡುವೆ ಪಿನ್ನು ಕಚ್ಚಿಕೊಂಡೇ ಪಿಸುಗುಟ್ಟಿದರು. "ಇಲ್ಲಿ ಒಂದಿಂಚು ಇಳಿಸಿದ್ರೆ ರಸ್ತೇಲಿ ನಿಮಗೆ ಒಂದು ಗೇಣು ಹೋಗ್ತದೆ. ಇಪ್ಪತ್ತೆರಡಕ್ಕೆ ನಿಮಗೆ ಧರೆ ಹುಲ್ಲು ಬಿಟ್ರೆ ಏನೂ ಕಾಣಲ್ಲ. ಆ ಮಣೆ ತಗೊಳ್ಳಿ. ಅದ್ರ ಮೇಲೆ ನಿಂತು ಸೀರೆ ಇಳಿಬಿಡಿ."

ಪೂಜೆಗೆಂದು ತಂದಿಟ್ಟಿದ್ದ ಕೂರುವ ಮಣೆ ಅದು. ನಾನು ಅದರ ಮೇಲೆ ಹತ್ತಿ ನಿಂತೆ. ಎರಡಂಗುಲ ಎತ್ತರವಾದೆ, ಮುಖ ಅಷ್ಟೂ ಬಟ್ಟೆಯ ಹಿಂದೆ ಹೋಯಿತು. ಟೀಚರು ಬಟ್ಟೆಯನ್ನು ಹದಿನೆಂಟಕ್ಕೆ ಇಳಿಸಿ ಕೂಗಿದರು, "ಈಗ ನೋಡಿ ಅಮ್ಮಾ!"

ಮೇಲೆ ಚಪ್ಪಲಿಯ ಸದ್ದು ಅತ್ತಿಂದಿತ್ತ ಓಡಾಡಿತು. ಆಮೇಲೆ, "ಕೈ ಕಾಣ್ತದೆ. ಬಳೆ ಕಾಣ್ತದೆ. ಮುಖ... ಇಲ್ಲ. ಮುಖ ಕಾಣಲ್ಲ."

"ಬಳೆ ಕಂಡ್ರೆ ಮನೆಗೆ ಶೋಭೆ ಅಲ್ವಾ ಅಮ್ಮಾ?"

"ಸರಿ. ಅಷ್ಟೇ ಇರ್ಲಿ. ಹದಿನೆಂಟು."

ನಾನು ಮಣೆಯಿಂದ ಇಳಿದೆ. ನೇರ ಅಂಚಿನ ಕೆಳಗಿನಿಂದ ನೋಡಿದೆ. ಧರೆ ಕಂಡಿತು, ಅದರ ಮೇಲಿನ ಜರಿಗಿಡ ಕಂಡಿತು, ರಸ್ತೆಯ ಅಂಚು ಕಂಡಿತು, ಅಲ್ಲಿ ಅತ್ತೆಯ ಎರಡು ಕಾಲು, ಮೊಣಕಾಲಿನ ತನಕ ಸೀರೆ ಕಂಡಿತು. ನಾದಿನಿ ಇಳಿದು ಬಂದರೂ ಆ ಕಾಲು ಬರಲಿಲ್ಲ. ಅಲ್ಲೇ ನಿಂತಿತ್ತು. ಬಾಳೆಹೊನ್ನೂರಿನ ಬಸ್ಸು ಬಂದು ಹೋಯಿತು. ಕಾಲು ಬಸ್ಸು ಹೋದ ದಿಕ್ಕಿಗೆ ತಿರುಗಿತು. ಕರೆಯಲೆಂದು ನಾನು ಬಾಯಿ ತೆರೆದರೆ ಟೀಚರು, "ಬಿಡಿ, ನೋಡ್ಲಿ ಪಾಪ" ಅಂದರು.

ಅತ್ತೆ ಇಳಿದು ಬಂದವರು ಉಸಿರು ಸುಧಾರಿಸಿಕೊಂಡು ನನಗೆ ಹೇಳಿದರು. "ನೋಡು ಹುಡುಗಿ, ಮುಖ ಕಾಣಬಾರ್ದು ಅಂತ ಮಾಡಿದ್ದು. ಮಾತೂ ಹೊರಗೆ ಹೋಗಬಾರ್ದು. ಈ ಕಿಟಕಿಯಿಂದ ನೀನು ರಸ್ತೆಯೋರ ಹತ್ರ ಒಂದು ಮಾತಾಡಿದ್ದು ನಂಗೆ ಕೇಳಿಸಿದ ದಿನ, ಬಾಗಿಲು ಹಾಕಿ ಮೊಳೆ ಹೊಡೆಸ್ತೀನಿ." ನಾನು ಹೂಂ ಎಂದೆ. ಕೊಟ್ಟ ಮಾತು ಅಂದರೆ ಮಾತು. ಮಣೆಯ ಮೋಸಕ್ಕೆ ಮಾತ್ರ ಮುಂದಿನ ಸೋಮವಾರ ದೇವಸ್ಥಾನದಲ್ಲಿ ತಪ್ಪುಕಾಯಿ ಒಡೆಸಿದೆ. ಕಾಯಿ ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ ಮನೆ ಚೆನ್ನಾಗಿ ಮುಗಿಯಿತಲ್ಲ, ಅದಕ್ಕೆ ಎಂದೆ. ಅದೂ ಸುಳ್ಳಲ್ಲ.

ಹಾಲಿಗೆ ಕಮಾನು ಬಂತು, ಅಡುಗೆಮನೆಗೆ ಬಾಕ್ಸ್ ನೆರಿಗೆ ಬಂತು. ತಿಳಿ ಹಸಿರು ಕೇಸ್ಮೆಂಟ್ ಬಟ್ಟೆ, ಹೊಗೆ ಎಣ್ಣೆ ಕಾಣದ ಬಣ್ಣ.

ಟೀಚರಿಗೆ ಒಂದು ಕಾಯಿಲೆ ಇತ್ತು. ಯಾವ ಮನೆಗೆ ಹೋದರೂ ಒಂದು ಕಿಟಕಿಯ ಅಳತೆ ಮರೆಯುವುದು. "ಅಯ್ಯೋ, ಮೆಟ್ಟಿಲ ಹತ್ರದ್ದು ಬರ್ಕೊಂಡಿಲ್ಲ, ನಾಳೆ ಬರ್ತೀನಿ" ಅನ್ನುವರು. ನಾಳೆ ಬಂದು ಅಳೆದು, ಬೆಲ್ಲದ ಕಾಫಿ ಕುಡಿದು, ಒಂದು ಗಂಟೆ ಕೂತು, ಮನೆಗೆ ಹೋದ ಮೇಲೆ ಇನ್ನೊಂದು ನೆನಪಾಗುವುದು. ಅತ್ತಿಗುಂಡಿಯ ಬಂಗಲೆಯೊಂದಕ್ಕೆ ಐದು ಸಲ ಹೋಗಿದ್ದರಂತೆ. ಅಲ್ಲಿನ ಅಮ್ಮಾವ್ರು, "ನೀವು ಅಳೆಯೋದ್ರೊಳಗೆ ಹೊಸ ಬಂಗಲೆ ಕಟ್ಟಬಹುದು ಟೀಚರೇ" ಎಂದು ನಕ್ಕರಂತೆ. ಜನ ಅವರನ್ನು ಮರೆಗುಳಿ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ನಮ್ಮ ಮನೆಯಲ್ಲಿ ಹೊಲಿಗೆಯ ನೂಲು ಕೀಳುತ್ತಾ ಅವರಾಗಿಯೇ ಹೇಳಿದರು.

"ಅಣ್ಣನ ಮನೇಲಿ ನಂಗೆ ಮಿಷನ್ ಇಡೋಷ್ಟು ಜಾಗ ಕೊಟ್ಟಿದಾರೆ. ಕೂತ್ರೆ ಬೆನ್ನಿಗೆ ಗೋಡೆ, ಎದುರಿಗೆ ಗೋಡೆ. ಮಧ್ಯಾಹ್ನ ಅತ್ತಿಗೆ ಮಲಗೋ ಹೊತ್ತು ಮಿಷನ್ ತುಳಿಯೋ ಹಾಗಿಲ್ಲ. ಕೆಲಸ ಇಲ್ದೆ ಹೊರಗೆ ಹೋದ್ರೆ 'ಎಲ್ಲಿಗೆ' ಅಂತಾರೆ. ಅಳತೆಗೆ ಅಂದ್ರೆ ಏನೂ ಅನ್ನಲ್ಲ."

ಮದುವೆಯಾಗಿ ನಲವತ್ತೇ ದಿನಕ್ಕೆ ಅಣ್ಣನ ಮನೆಗೆ ವಾಪಸು ಬಂದವರಂತೆ. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬಂದಾಗ ಇಪ್ಪತ್ತೊಂದು ವರ್ಷ. ನನಗೆ ಗೊತ್ತಾದಾಗ ಅರವತ್ತರ ಹತ್ತಿರ. ನಡುವಿನ ಅಷ್ಟೂ ವರ್ಷ ಊರಿನ ಎಲ್ಲರ ಕಿಟಕಿ ನೋಡಿದ್ದರು.

ನಾಲ್ಕನೆಯ ಸಲ ಬಂದಾಗ ಅತ್ತೆಗೆ ಅರ್ಥವಾಯಿತು. ಬಾಗಿಲಲ್ಲೇ ನಿಲ್ಲಿಸಿ, "ಟೀಚರೇ, ನಮ್ಮನೇಲಿ ಇರೋದೇ ಒಂಬತ್ತು ಕಿಟಕಿ. ಅಷ್ಟೂ ಆಯ್ತು. ಇನ್ನು ಹೇಳಿ ಕಳಿಸಿದಾಗ ಬನ್ನಿ" ಅಂದರು. ಟೀಚರು ಹಲ್ಲು ಕಾಣುವ ಹಾಗೆ ನಕ್ಕು, "ಹೌದಲ್ವಾ ಅಮ್ಮಾ, ಮುಗೀತಲ್ಲ" ಎಂದು ಕೊಡೆ ಬಿಚ್ಚಿಕೊಂಡು ಹೋದರು. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಆಮೇಲೆ ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನು ಅವರನ್ನು ನೋಡಿದ್ದೆಲ್ಲ ಕಿಟಕಿಯಿಂದಲೇ, ಅದೂ ಮೊಣಕಾಲಿನವರೆಗೆ.

ಆ ಹದಿನೆಂಟು ಇಂಚಿನ ಕೆಳಗೆ ನನಗೆ ಊರೆಲ್ಲ ಕಾಲಾಗಿಯೇ ಪರಿಚಯ. ಎಸ್ಟೇಟ್ ರೈಟರ ಗಂಬೂಟು, ಶಾಲೆ ಮಕ್ಕಳ ಒದ್ದೆ ಬೂಟು, ಮೇಸ್ತ್ರಿಯ ಹಿಂದೆ ಸಾಲಾಗಿ ಎಸ್ಟೇಟಿಗೆ ಹೋಗುವ ಹೆಂಗಸರ ಕಾಲು, ಒಂದು ಕಾಲು ಎಳೆದು ನಡೆಯುವ ಪೋಸ್ಟಿನವರು. ಯಾರ ಮನೆಯಲ್ಲಿ ಹೊಸ ಸೊಸೆ ಬಂದಳು, ಯಾರ ಮೊಣಕಾಲು ನೋವು ಹೆಚ್ಚಾಯಿತು, ನನಗೆ ಗೊತ್ತಾಗುತ್ತಿತ್ತು. ದಿನಕ್ಕೆ ಇಷ್ಟು ಜನರನ್ನು ಕಂಡೆನಲ್ಲ ಎಂದು ಸಂಜೆ ದೀಪ ಹಚ್ಚುವಾಗ ಲೆಕ್ಕ ಹಾಕಿ ಶಿವನಿಗೆ ಒಪ್ಪಿಸುತ್ತಿದ್ದೆ. ಮುಖ ಕಾಣಲಿಲ್ಲವೆಂದು ದೂರು ಹೇಳಿದವಳಲ್ಲ.

ಟೀಚರ ಪ್ಲಾಸ್ಟಿಕ್ ಚಪ್ಪಲಿ ವಾರಕ್ಕೆ ಒಂದೆರಡು ಸಲ ಬರುತ್ತಿತ್ತು. ನಮ್ಮ ಧರೆಯ ಎದುರಿಗೆ ನಿಲ್ಲುತ್ತಿತ್ತು. ಕೊಡೆಯ ತುದಿ ರಸ್ತೆಯ ಕಲ್ಲಿಗೆ ಎರಡು ಸಲ ಟಕ್ ಟಕ್. ನಾನು ಎರಡು ತಟ್ಟೆಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಮಾಡುತ್ತಿದ್ದೆ. ಇದು ಮಾತಲ್ಲವಲ್ಲ. ಅತ್ತೆ ಹೇಳಿದ್ದು ಮಾತು ಬೇಡ ಎಂದು ಮಾತ್ರ. ಅಷ್ಟಾದ ಮೇಲೆ ಚಪ್ಪಲಿ ಮುಂದೆ ಹೋಗುತ್ತಿತ್ತು. ಹತ್ತು ವರ್ಷ ನಮ್ಮ ಸ್ನೇಹ ಇಷ್ಟೇ. ಇದನ್ನು ಯಾರಿಗಾದರೂ ಹೇಳಿದರೆ ಸ್ನೇಹವೆಂದು ಒಪ್ಪುತ್ತಾರೋ ಇಲ್ಲವೋ. ಯಾರು ಅಂತ ಹೋಗ್ತೀಯ ಎಂದು ಇವರು ಕೇಳಿದ್ದಕ್ಕೆ ಇದನ್ನು ಹೇಗೆ ಹೇಳಲಿ?

ಎರಡು ವರ್ಷದ ಹಿಂದೆ, ಆಷಾಢದಲ್ಲಿ ಒಂದು ದಿನ. ಹೊತ್ತು ಹನ್ನೊಂದಿರಬಹುದು. ಅತ್ತೆ ನನ್ನ ಹಿಂದೆಯೇ ನೆಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಆ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಚಪ್ಪಲಿ ಬಂದು ನಿಂತಿತು. ಈ ಸಲ ಪಕ್ಕದಲ್ಲಿ ಒಂದು ದೊಡ್ಡ ಚೀಲವನ್ನು ಕೆಳಗಿಟ್ಟರು. ಚೀಲದ ಬಾಯಿಂದ ಆ ಫೋಟೊ ಚೌಕಟ್ಟಿನ ಮೂಲೆ ಕಾಣುತ್ತಿತ್ತು. ಕೊಡೆಯ ತುದಿ ಟಕ್ ಟಕ್. ನಾನು ತಟ್ಟೆ ತಾಗಿಸಿದೆ. ಚಪ್ಪಲಿ ಹೋಗಲಿಲ್ಲ.

ಮತ್ತೆ ಟಕ್ ಟಕ್. ಮತ್ತೆ ತಟ್ಟೆ.

ಹೋಗಲಿಲ್ಲ. ಒಂದು ಹೆಜ್ಜೆ ಧರೆಯ ಅಂಚಿಗೆ ಬಂದಿತು. ಬಗ್ಗಿದರೇನೋ, ಕೊಡೆಯ ಅಂಚು ಕಂಡಿತು. ಮೆಲ್ಲಗೆ, ಕೇಳಿಯೂ ಕೇಳದ ಹಾಗೆ, "ತಂಗ್ಯಮ್ಮಾ" ಅಂದರು.

ಒಂದೇ ಒಂದು 'ಓ' ಅಂದಿದ್ದರೆ ಸಾಕಿತ್ತು. 'ಬನ್ನಿ' ಅಂದಿದ್ದರೆ ಸಾಕಿತ್ತು. ನನ್ನ ಹಿಂದೆ ಬೆಳ್ಳುಳ್ಳಿ ಬಿಡಿಸುವ ಸದ್ದು ನಿಂತಿತ್ತು. ನನಗೆ ಮೊಳೆಯ ನೆನಪಾಯಿತು. ಚಿಲಕ ಬಿದ್ದ ಕಿಟಕಿ, ಹಗಲು ಹೊತ್ತೂ ಉರಿಯುವ ಲೈಟು, ಇನ್ನು ಉಳಿದ ನನ್ನ ಆಯುಷ್ಯ ಇಷ್ಟೂ ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ತಟ್ಟೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟೆ. ಪಂಚಾಕ್ಷರಿ ಜಪಿಸುತ್ತಾ ನಲ್ಲಿ ಬಿಟ್ಟೆ. ನೀರಿನ ಸದ್ದಿನಲ್ಲಿ ಏನೂ ಕೇಳಿಸದವಳ ಹಾಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ತಲೆ ಎತ್ತಿದಾಗ ಚೀಲ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ.

ವಾರದ ನಂತರ ನಾದಿನಿ ಫೋನಿನಲ್ಲಿ ಬೇರೆ ಏನೋ ಹೇಳುತ್ತಾ ಹೇಳಿದಳು. ಟೀಚರ ಅಣ್ಣನ ಮಗನಿಗೆ ಮದುವೆ ಗೊತ್ತಾಗಿದೆ, ಮಿಷನ್ ಇಟ್ಟ ಜಾಗ ಬೇಕಂತೆ. ಟೀಚರು ಆಲ್ದೂರಿನ ಮನೆ ಮನೆಗೆ ಹೋಗಿ, ಮಿಷನ್ ಇಟ್ಟುಕೊಳ್ಳಲು ಒಂದು ಮೂಲೆ ಇದ್ದರೆ ಕೊಡಿ, ಹಗಲು ಬಂದು ಹೊಲಿದು ಸಂಜೆ ಹೋಗುತ್ತೇನೆ ಎಂದು ಕೇಳಿದರಂತೆ. ಎಲ್ಲೂ ಆಗಲಿಲ್ಲವಂತೆ. ಈಗ ಕಳಸದಲ್ಲಿ ಯಾರೋ ದೂರದ ಸಂಬಂಧಿಕರ ಮನೆಗೆ, ಹಾಸಿಗೆ ಹಿಡಿದ ಅವರ ತಾಯಿಯನ್ನು ನೋಡಿಕೊಳ್ಳಲು ಕಳಿಸಿದ್ದಾರಂತೆ. "ಮಿಷನ್ ಗುಜರಿಗೆ ಹೋಯ್ತಂತೆ ಅತ್ತಿಗೆ. ನಮ್ಮನೆ ಕಮಾನು ಬೇರೆ ಹರಿದಿತ್ತು, ಇನ್ನು ಯಾರಿಗೆ ಕೊಡೋದು?" ಅಂದಳು.

ನಮ್ಮ ಮೆಟ್ಟಿಲ ಕೆಳಗೆ ಜಾಗ ಇತ್ತು. ಅಂಗಡಿಯಿಂದ ತಂದಿಟ್ಟ ತುಂಡು ಪೈಪು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಪಕ್ಕದಲ್ಲೇ ಒಂದು ಕಿಟಕಿ. ಅದರ ಅಳತೆ ತೆಗೆಯಲು ಅವರು ಎರಡು ಸಲ ಬಂದಿದ್ದರು.

ಕಳಸ ಇಲ್ಲಿಂದ ದೂರವಲ್ಲ. ಬಸ್ಸು ನಮ್ಮ ತಲೆಯ ಮೇಲೇ ಹೋಗುತ್ತದೆ. ಎರಡು ವರ್ಷದಲ್ಲಿ ನಾನು ಹೋಗಲಿಲ್ಲ. ಅವರ ಬಳಿ ಫೋನು ಇತ್ತೋ ಇಲ್ಲವೋ ಅದನ್ನೂ ವಿಚಾರಿಸಲಿಲ್ಲ. ವಿಚಾರಿಸಿದರೆ ಯಾಕೆ ಎಂದು ಕೇಳುತ್ತಾರೆ. ಅಳತೆಗೆ ಅನ್ನೋಣವೆಂದರೆ ನನ್ನ ಬಳಿ ಟೇಪೂ ಇರಲಿಲ್ಲ.

ಪತ್ರೊಡೆ ಬೆಂದಿತು. ಇಳಿಸಿ ಆರಲು ಬಿಟ್ಟೆ. ಅತ್ತೆ ಹಾಲಿನಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ, ಕಣ್ಣು ಪೂರ್ತಿ ಹೋಗಿದೆ. ನಾನೇ ಕೈ ಹಿಡಿದು ನಡೆಸಬೇಕು. ಸ್ಪೀಕರಿನಲ್ಲಿ ಬಂದ ಮಾತು ಅವರಿಗೂ ಕೇಳಿಸಿತ್ತು.

"ಹೋದ್ಲಾ ಅವಳು?" ಅಂದರು.

"ಹೂಂ ಅತ್ತೆ."

"ಪುಣ್ಯಾತ್ಗಿತ್ತಿ. ಮಲಗಿ ನರಳಲಿಲ್ಲ ತಾನೆ?"

"ಗೊತ್ತಿಲ್ಲ."

ಅಷ್ಟಕ್ಕೇ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಎರಡು ವರ್ಷ ಬಾಯಿ ಬಿಡದೆ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಟೀಚರು ಆ ದಿನ ರಸ್ತೆಯಲ್ಲಿ ಬಂದು ನಿಂತದ್ದು, ಕೊಡೆಯ ಸದ್ದು, ತಂಗ್ಯಮ್ಮಾ ಅಂದದ್ದು, ನಾನು ನಲ್ಲಿ ಬಿಟ್ಟದ್ದು. ಮಣೆಯ ಮೇಲೆ ನಿಂತದ್ದನ್ನೂ ಹೇಳಿದೆ. ಇನ್ನು ಮೊಳೆ ಹೊಡೆಸುವುದಾದರೆ ಹೊಡೆಸಲಿ ಅನಿಸಿತು.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದರು.

"ನಂಗೂ ಕೇಳಿಸ್ತು ಅವತ್ತು," ಅಂದರು. "ಕೊಡೆ ಸದ್ದು ನಂಗೆ ಮೊದಲಿಂದ್ಲೂ ಗೊತ್ತು. ತಟ್ಟೆ ಸದ್ದೂ ಗೊತ್ತು. ಅವಳು ಜಾಗ ಹುಡುಕ್ತಿದಾಳೆ ಅಂತ್ಲೂ ಗೊತ್ತಿತ್ತು, ಹಾಲಿನವನು ಹೇಳಿದ್ದ. ಕರೆದ್ಲು. ನೀನು ಬಾಯಿ ಬಿಡ್ತೀಯೇನೋ ಅಂತ ಬೆಳ್ಳುಳ್ಳಿ ಕೆಳಗಿಟ್ಟು ಕೂತಿದ್ದೆ."

"ಬಿಟ್ಟಿದ್ರೆ ಏನು ಮಾಡ್ತಿದ್ರಿ ಅತ್ತೆ?"

"ಬೈತಿದ್ದೆ."

ಸೆರಗನ್ನು ಮತ್ತೆ ಬೆರಳಿಗೆ ಸುತ್ತುತ್ತಾ ಅಂದರು. "ಬೈದು, ಒಳಗೆ ಕರಿ ಅವಳನ್ನ ಅಂತಿದ್ದೆ."

ನನಗೆ ಅಳು ಬರಲಿಲ್ಲ. ಅವರನ್ನು ಬೈಯಬೇಕೆಂದೂ ಅನಿಸಲಿಲ್ಲ. "ನೀವೇ ಕರೀಬಹುದಿತ್ತಲ್ಲ?" ಎಂದೆ, ಅಷ್ಟೇ.

"ನಾನೇ ಹಾಕಿದ ಕಟ್ಟು. ನಾನೇ ಹೇಗೆ ಮುರೀಲಿ ಮಾರಾಯ್ತಿ?" ಅಂದರು. ಕೈ ಚಾಚಿ ನನ್ನ ತಲೆಯನ್ನು ಹುಡುಕಿದರು. ಮೊದಲು ಸಿಕ್ಕಿದ್ದು ಹೆಗಲು. ಅಲ್ಲೇ ಕೈ ಇಟ್ಟುಕೊಂಡು ಕೂತರು.

ಆಮೇಲೆ ಅವರೇ, "ಬಿಸಿನೀರು ಕಾದಿರ್ಬೇಕು ನೋಡು" ಅಂದರು. ನಾನು ಎದ್ದೆ. ಬಚ್ಚಲ ಒಲೆಗೆ ಎರಡು ಕೊಳ್ಳಿ ಮುಂದೆ ದೂಡಿ, ಹಂಡೆಯಿಂದ ಬಕೆಟಿಗೆ ನೀರು ತೋಡಿ, ಹದ ನೋಡಿ, ದಿನದ ಹಾಗೆ ಅತ್ತೆಯನ್ನು ಸ್ನಾನಕ್ಕೆ ಕರೆದುಕೊಂಡು ಬರಲು ಹೋದೆ.